ಆಡಲು ಬಿಟ್ಟರೆ ಸಾಲದು, ಮಾಡಲೂ ಬಿಡಬೇಕು

ಹೊಸ ಫೋನ್ ಬಂತೆಂದರೆ ಜನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತಾರೆ. ಹೊಸ ಗೇಮ್ ಕನ್ಸೋಲ್ ಬಂದರೆ ಗ್ರಾಫಿಕ್ಸ್ ಹೇಗಿದೆ, ಯಾವ ಯಾವ ಆಟ ಸಿಗುತ್ತವೆ ಎನ್ನುತ್ತಾರೆ. ನನಗೆ ಮೊದಲು ಬರುವ ಪ್ರಶ್ನೆ ಬೇರೆ: ನಾನು ಬರೆದ ಆಟ ಇದರಲ್ಲಿ ಓಡುತ್ತದೆಯೇ? ನನ್ನ ಹೊಟ್ಟೆಪಾಡಿನ ಕೆಲಸ ಬೇರೆಯೇ ಇದೆ. ರಾತ್ರಿ ಊಟವಾಗಿ ಮನೆ ಸದ್ದಡಗಿದ ಮೇಲೆ ಸಣ್ಣಪುಟ್ಟ ವಿಡಿಯೋ ಗೇಮ್‌ಗಳನ್ನು ಬರೆಯುವುದು ನನ್ನ ಹವ್ಯಾಸ. ಅವನ್ನು ಆಡುವವರು ನಾಲ್ಕು ಜನ ಗೆಳೆಯರು, ಅವರ ಮಕ್ಕಳು, ಅಷ್ಟೇ. ಆದರೂ ಮಾರುಕಟ್ಟೆಗೆ ಹೊಸ ಸಾಧನವೊಂದು ಬಂದಿದೆ ಎಂದು ಗೊತ್ತಾದರೆ ನಿದ್ದೆ ಹತ್ತುವುದಿಲ್ಲ. ಅದರ ಪರದೆ ಎಷ್ಟು ದೊಡ್ಡದು, ಗುಂಡಿಗಳೆಷ್ಟು, ಮೆಮೊರಿ ಎಷ್ಟು, ಮುಖ್ಯವಾಗಿ ಅದರೊಳಗೆ ನನ್ನಂಥವನಿಗೆ ಪ್ರವೇಶ ಇದೆಯೋ ಇಲ್ಲವೋ ಎಂದು ತಿಳಿದುಕೊಳ್ಳುವವರೆಗೆ ಸಮಾಧಾನವಿಲ್ಲ.

ಟಿವಿ ಕೆಳಗೆ ಇಡುವ ದೊಡ್ಡ ಕನ್ಸೋಲ್‌ಗಳಲ್ಲಿ ಹೆಚ್ಚಿನವು ಈ ಪ್ರಶ್ನೆಗೆ ಸುಲಭವಾಗಿ ಹೂಂ ಎನ್ನುವುದಿಲ್ಲ. ಅವುಗಳಿಗೆ ಆಟ ಬರೆಯಬೇಕಾದರೆ ಕಂಪನಿಗೆ ಅರ್ಜಿ ಹಾಕಬೇಕು, ಒಪ್ಪಂದಕ್ಕೆ ಸಹಿ ಮಾಡಬೇಕು, ಎಷ್ಟೋ ಸಲ ಅದಕ್ಕೆಂದೇ ಬೇರೆ ಯಂತ್ರ ತರಿಸಿಕೊಳ್ಳಬೇಕು. ದುಡ್ಡು ಕೊಟ್ಟು ಕೊಂಡ ಪೆಟ್ಟಿಗೆ ನಮ್ಮದೇ ಆದರೂ ಅದರೊಳಗೆ ಏನು ಓಡಬೇಕೆಂದು ತೀರ್ಮಾನಿಸುವವರು ಅವರು. ಈ ಬೀಗಕ್ಕೆ ಒಂದು ಚರಿತ್ರೆ ಇದೆ.

1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದುಬಿತ್ತು. ಆಗ ಯಾರು ಬೇಕಾದರೂ ಅಟಾರಿ ಕಂಪನಿಯ ಗೇಮ್ ಯಂತ್ರಕ್ಕೆ ಆಟ ಮಾಡಿ ಮಾರಬಹುದಿತ್ತು. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿ ಬಿದ್ದವು, ಜನ ಬೇಸತ್ತು ಕೊಳ್ಳುವುದನ್ನೇ ಬಿಟ್ಟರು. ಮಾರಾಟವಾಗದೆ ಉಳಿದ ಅಟಾರಿ ಕಾರ್ಟ್ರಿಜ್‌ಗಳನ್ನು, ಅಂದರೆ ಆಟ ತುಂಬಿದ ಡಬ್ಬಿಗಳನ್ನು, ನ್ಯೂ ಮೆಕ್ಸಿಕೋದ ಆಲಮಗಾರ್ಡೋ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದಾಗ ಅವು ಸಿಕ್ಕವು ಕೂಡ. 1985ರಲ್ಲಿ ಜಪಾನಿನ ನಿಂಟೆಂಡೊ ತನ್ನ ಕನ್ಸೋಲನ್ನು ಅಮೆರಿಕಕ್ಕೆ ತಂದಾಗ ಅದರೊಳಗೆ ಬೀಗದ ಕೆಲಸ ಮಾಡುವ ಚಿಪ್ ಒಂದನ್ನು ಕೂರಿಸಿತು. ಕಾರ್ಟ್ರಿಜ್‌ನಲ್ಲಿ ಅದಕ್ಕೆ ಜೋಡಿಯಾದ ಚಿಪ್ ಇಲ್ಲದಿದ್ದರೆ ಆಟ ಶುರುವಾಗದು. ಆ ಜೋಡಿ ಚಿಪ್ ಬೇಕಾದವರು ನಿಂಟೆಂಡೊ ಷರತ್ತುಗಳಿಗೆ ಒಪ್ಪಬೇಕು. ಮುಂದೆ ಬಂದ ದೊಡ್ಡ ಕನ್ಸೋಲ್ ಕಂಪನಿಗಳಲ್ಲಿ ಹೆಚ್ಚಿನವು ಇದೇ ದಾರಿ ಹಿಡಿದವು.

ಆದರೆ ಅದೇ ಯಂತ್ರದ ಜಪಾನಿ ರೂಪವಾದ ಫ್ಯಾಮಿಕಾಮ್‌ನಲ್ಲಿ ಈ ಬೀಗ ಇರಲಿಲ್ಲ. ಏಷ್ಯಾದ ಕಾರ್ಖಾನೆಗಳು ಅದರ ನಕಲುಗಳನ್ನು ಲಕ್ಷಗಟ್ಟಲೆ ತಯಾರಿಸಿದ್ದಕ್ಕೆ ಇದೂ ಒಂದು ಕಾರಣ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಬಂದ, ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್‌ಗಳಲ್ಲಿ ಬಹುಪಾಲು ಆ ನಕಲುಗಳೇ. ಕಾರ್ಟ್ರಿಜ್ ಎಂಬ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ‘ಕ್ಯಾಸೆಟ್’. ಮಾರಿಯೋ ಇರುವ ಕ್ಯಾಸೆಟ್ಟು, ಕಾಂಟ್ರಾ ಇರುವ ಕ್ಯಾಸೆಟ್ಟು, ಬಾತುಕೋಳಿ ಹೊಡೆಯುವ ಗನ್ನು. ಆಟ ಶುರುವಾಗದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಉಫ್ ಎಂದು ಊದಿ ಮತ್ತೆ ಹಾಕುತ್ತಿದ್ದೆವು. ನನ್ನ ವಯಸ್ಸಿನವರಿಗೆ ವಿಡಿಯೋ ಗೇಮ್ ಹುಚ್ಚು ಹತ್ತಿದ್ದು ಅಲ್ಲಿ. ಆ ಸೂಪರ್ ಮಾರಿಯೋ ಬ್ರದರ್ಸ್ ಆಟ ಪೂರ್ತಿಯಾಗಿ, ಅಂದರೆ ಚಿತ್ರ, ಸಂಗೀತ, 32 ಹಂತಗಳೆಲ್ಲ ಸೇರಿ, ಬರೀ 40 ಕಿಲೋಬೈಟ್. ಇವತ್ತು ಫೋನಿನಲ್ಲಿ ತೆಗೆಯುವ ಒಂದು ಫೋಟೊ ಅದರ ಎಷ್ಟೋ ಪಟ್ಟು ದೊಡ್ಡದು. ಜಾಗ ಉಳಿಸಲು ಅವರು ಮಾಡಿದ ಉಪಾಯಗಳಲ್ಲಿ ಒಂದನ್ನು ನೀವೂ ಕಂಡಿರುತ್ತೀರಿ: ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ. ಬಿಳಿ ಬಣ್ಣ ಹಾಕಿದರೆ ಮೋಡ, ಹಸಿರು ಹಾಕಿದರೆ ಪೊದೆ.

ಈಗ ಬೀಗವಿಲ್ಲದ ಯಂತ್ರಗಳ ಕಡೆಗೆ ಬರೋಣ. 1981ರ ಕೊನೆಯಲ್ಲಿ ಬ್ರಿಟನ್ನಿನ ಏಕಾರ್ನ್ ಕಂಪನಿ, ಜನರಿಗೆ ಕಂಪ್ಯೂಟರ್ ಕಲಿಸುವ ಬಿಬಿಸಿಯ ಯೋಜನೆಗಾಗಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಮಾಡಿತು. ಸ್ವಿಚ್ ಹಾಕಿದರೆ ಸಾಕು, ಪರದೆಯ ಮೇಲೆ ಹೆಸರು ಮೂಡಿ, ಅದರ ಕೆಳಗೆ ಮಿನುಗುವ ಕರ್ಸರ್ ನಿಮ್ಮ ಆಜ್ಞೆಗೆ ಕಾಯುತ್ತಿತ್ತು. ಬೇಸಿಕ್ ಭಾಷೆಯಲ್ಲಿ ಎರಡು ಸಾಲು ಬರೆದರೆ ತಕ್ಷಣ ಓಡುತ್ತಿತ್ತು. ಯಂತ್ರ ತೆರೆದುಕೊಳ್ಳುತ್ತಿದ್ದುದೇ ಬರೆಯುವ ಜಾಗದಲ್ಲಿ. ಭಾರತ ಸರ್ಕಾರ 1984ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ‘ಕ್ಲಾಸ್’ ಎಂಬ ಯೋಜನೆ ತಂದಾಗ ಆರಿಸಿಕೊಂಡದ್ದೂ ಇದೇ ಬಿಬಿಸಿ ಮೈಕ್ರೋವನ್ನು. ಅಂದರೆ ನಮ್ಮ ದೇಶದ ಎಷ್ಟೋ ಶಾಲೆಗಳು ಮೊದಲು ನೋಡಿದ ಕಂಪ್ಯೂಟರ್, ಮಕ್ಕಳು ಸ್ವತಃ ಪ್ರೋಗ್ರಾಮ್ ಬರೆಯಲಿ ಎಂದೇ ಮಾಡಿದ ಯಂತ್ರ.

ಅದೇ 1984ರಲ್ಲಿ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬನ್ ಮತ್ತು ಇಯನ್ ಬೆಲ್, ಆ ಯಂತ್ರಕ್ಕಾಗಿ ‘ಎಲೀಟ್’ ಎಂಬ ಆಟ ಬರೆದರು. ಬಾಹ್ಯಾಕಾಶ ನೌಕೆ ನಡೆಸುತ್ತ ಲೋಕದಿಂದ ಲೋಕಕ್ಕೆ ಸರಕು ಸಾಗಿಸಿ ವ್ಯಾಪಾರ ಮಾಡುವ ಆಟ. ಅದರಲ್ಲಿ ಎಂಟು ನಕ್ಷತ್ರಮಂಡಲ, ಒಂದೊಂದರಲ್ಲಿ 256 ಲೋಕ, ಒಟ್ಟು 2048. ಪ್ರತಿಯೊಂದಕ್ಕೂ ಹೆಸರು, ಸ್ಥಾನ, ಅಲ್ಲಿನ ಆಡಳಿತ, ಅಲ್ಲಿನ ಪೇಟೆಯ ಧಾರಣೆ. ಒಂದು ಲೋಕದ ವಿವರಕ್ಕೆ ಇಪ್ಪತ್ತು ಬೈಟ್ ಎಂದು ಹಿಡಿದರೂ 40 ಕಿಲೋಬೈಟ್ ಬೇಕು. ಯಂತ್ರದ ಒಟ್ಟು ಮೆಮೊರಿ 32 ಕಿಲೋಬೈಟ್! ಅದರಲ್ಲೇ ಪರದೆಯ ಚಿತ್ರವೂ ಇರಬೇಕು, ಆಟವೂ ಇರಬೇಕು.

ಅವರು ಕಂಡುಕೊಂಡ ದಾರಿಯನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಲೋಕಗಳ ವಿವರವನ್ನು ಎಲ್ಲಿಯೂ ಬರೆದಿಡಲೇ ಇಲ್ಲ. ಮೂರು ಸಂಖ್ಯೆಗಳನ್ನು ಇಟ್ಟುಕೊಂಡರು, ಒಟ್ಟು ಆರು ಬೈಟ್. ಹಿಂದಿನ ಸಂಖ್ಯೆಗಳನ್ನು ಕೂಡಿಸಿ ಮುಂದಿನದನ್ನು ಪಡೆಯುವ ಫಿಬೊನಾಚಿ ಸರಣಿ ಗಣಿತ ಓದಿದವರಿಗೆ ಗೊತ್ತು. ಸುಮಾರಾಗಿ ಅದೇ ಬಗೆಯಲ್ಲಿ ಈ ಮೂರನ್ನು ಕೂಡಿಸುತ್ತ ಹೋದರೆ ಹೊಸ ಹೊಸ ಸಂಖ್ಯೆಗಳು ಹುಟ್ಟುತ್ತವೆ. ಹುಟ್ಟಿದ ಸಂಖ್ಯೆಯ ಒಂದು ತುಂಡಿನಿಂದ ಲೋಕದ ಸ್ಥಾನ, ಇನ್ನೊಂದು ತುಂಡಿನಿಂದ ಆಡಳಿತ, ಮತ್ತೊಂದರಿಂದ ಹೆಸರು. ಹೆಸರಿಗಾಗಿ ಎರಡೆರಡು ರೋಮನ್ ಅಕ್ಷರಗಳ ಸಣ್ಣ ಪಟ್ಟಿ ಇತ್ತು. ಪಟ್ಟಿಯಿಂದ ‘ಲಾ’, ‘ವೆ’ ಎಂಬ ಎರಡು ತುಂಡು ಆಯ್ದು ಜೋಡಿಸಿದರೆ ಆಟ ಶುರುವಾಗುವ ಲೋಕದ ಹೆಸರು ಸಿದ್ಧ. ಮೊದಲಿನ ಸಂಖ್ಯೆಗಳು ಅವೇ ಆದ್ದರಿಂದ ಯಾರ ಮನೆಯಲ್ಲಿ, ಎಷ್ಟು ಸಲ ಆಡಿದರೂ ಅವೇ 2048 ಲೋಕಗಳು ಅವೇ ಜಾಗದಲ್ಲಿ ಇರುತ್ತವೆ. ಈ ಉಪಾಯದಿಂದ ಕೋಟಿ ಕೋಟಿ ನಕ್ಷತ್ರಮಂಡಲಗಳನ್ನೇ ಮಾಡಬಹುದಿತ್ತು. ಅಷ್ಟಾದರೆ ಆಡುವವರಿಗೆ ಇದು ಯಂತ್ರ ಹುಟ್ಟಿಸಿದ್ದೆಂದು ಗೊತ್ತಾಗಿಬಿಡುತ್ತದೆ, ಎಂಟು ಸಾಕು ಎಂದವರು ಪ್ರಕಾಶಕರು.

ಇದೇ ಬ್ರೇಬನ್ ಮುಂದೆ ರಾಸ್ಪ್‌ಬೆರಿ ಪೈ ಪ್ರತಿಷ್ಠಾನದ ಸ್ಥಾಪಕರಲ್ಲಿ ಒಬ್ಬರಾದರು. ಪ್ರತಿಷ್ಠಾನದ ಇನ್ನೊಬ್ಬ ಸ್ಥಾಪಕ ಎಬನ್ ಅಪ್ಟನ್ ಕೇಂಬ್ರಿಜ್‌ನಲ್ಲಿದ್ದಾಗ, ಕಂಪ್ಯೂಟರ್ ವಿಜ್ಞಾನ ಓದಲು ಅರ್ಜಿ ಹಾಕುವ ಹುಡುಗರ ಸಂಖ್ಯೆಯೂ, ಬರುವಾಗಲೇ ಅವರಿಗಿರುತ್ತಿದ್ದ ಪ್ರೋಗ್ರಾಮಿಂಗ್ ಅನುಭವವೂ ಇಳಿಯುತ್ತಿರುವುದನ್ನು ಗಮನಿಸಿದ್ದರು. ಮನೆಯಲ್ಲಿ ಬಿಬಿಸಿ ಮೈಕ್ರೋದಂಥ ಯಂತ್ರಗಳಿದ್ದ ಕಾಲ ಹೋಗಿ ಬೀಗ ಹಾಕಿದ ಕನ್ಸೋಲ್‌ಗಳು ಬಂದಿದ್ದವು. ಮಕ್ಕಳು ಕೆಡಿಸಿದರೂ ದೊಡ್ಡ ನಷ್ಟವಾಗದ ಅಗ್ಗದ ಕಂಪ್ಯೂಟರ್ ಬೇಕೆಂದು ಅವರು ರೂಪಿಸಿದ್ದು 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ. 2021ರಲ್ಲಿ ಅದರ ತಮ್ಮ ಬಂತು, ಪೈ ಪಿಕೋ. ಆಗಿನ ಬೆಲೆ ನಾಲ್ಕು ಡಾಲರ್. ಅದರ ಚಿಪ್ಪಿನೊಳಗಿನ ವಿನ್ಯಾಸ ಆರ್ಮ್. ಆರ್ಮ್ ಹುಟ್ಟಿದ್ದು ಬಿಬಿಸಿ ಮೈಕ್ರೋ ಮಾಡಿದ ಏಕಾರ್ನ್ ಕಂಪನಿಯಲ್ಲೇ, ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಕೈಯಲ್ಲಿ. 1985ರಲ್ಲಿ ಬಂದ ಮೊದಲ ಆರ್ಮ್ ಚಿಪ್ಪನ್ನು ಅವರು ಪರೀಕ್ಷಿಸಿದ್ದು ಬಿಬಿಸಿ ಮೈಕ್ರೋಗೆ ಜೋಡಿಸಿ. ನಿಮ್ಮ ಜೇಬಿನ ಫೋನಿನಲ್ಲಿ ಇರುವುದೂ ಅದರ ಮೊಮ್ಮಗುವೇ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಪಿಕೋ ಸಿಗುತ್ತದೆ. ನಾನು ಅಲ್ಲಿಗೆ ಹೋಗುವುದು ಹೆಚ್ಚಾಗಿ ಶನಿವಾರ ಬೆಳಿಗ್ಗೆ, ಗಿರಾಕಿಗಳ ನೂಕುನುಗ್ಗಲು ಶುರುವಾಗುವ ಮೊದಲು. ಒಂದು ಪಿಕೋ, ಒಂದು ಇಂಚೂ ಇಲ್ಲದ ಓಎಲ್ಇಡಿ ಪರದೆ, ಆರು ಪುಶ್ ಬಟನ್, ಒಂದು ಬ್ರೆಡ್‌ಬೋರ್ಡ್, ಒಂದು ಕಟ್ಟು ಜಂಪರ್ ವೈರ್ ಕೊಂಡರೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಕ್ಕೆ ಬೇಕಾದ ಸಾಮಾನು ಬಂದಂತೆ. ಪರದೆಗೆ ನಾಲ್ಕೇ ವೈರ್: ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ ಮೈಕ್ರೋಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿದರೆ ಪಿಕೋ ನಿಮ್ಮ ಮಾತು ಕೇಳಲು ತಯಾರು. ಪರದೆಯಲ್ಲಿ ಅಡ್ಡಕ್ಕೆ 128 ಚುಕ್ಕೆ, ಉದ್ದಕ್ಕೆ 64. ಒಂದೊಂದು ಚುಕ್ಕೆಗೆ ಒಂದೊಂದು ಬಿಟ್, ಹೊತ್ತಿದೆ ಅಥವಾ ಆರಿದೆ. ಗುಣಿಸಿ ನೋಡಿ: 8192 ಬಿಟ್, ಅಂದರೆ ಸರಿಯಾಗಿ 1024 ಬೈಟ್. ಇಡೀ ಪರದೆ ಒಂದೇ ಕಿಲೋಬೈಟಿನಲ್ಲಿ! ಪಿಕೋದಲ್ಲಿ 264 ಕಿಲೋಬೈಟ್ ಮೆಮೊರಿ ಇದೆ, ಹಳೆಯ ಗೇಮ್‌ಬಾಯ್‌ನಲ್ಲಿ ಕೆಲಸಕ್ಕೆಂದು ಇದ್ದದ್ದು 8. ಹೀಗೆ ಲೆಕ್ಕ ಹಾಕುತ್ತ ಕೂತರೆ ಯಂತ್ರ ಪೂರ್ತಿ ಅಂಗೈಗೆ ಬಂದ ಹಾಗೆ ಅನ್ನಿಸುತ್ತದೆ. ದೊಡ್ಡ ಕಂಪ್ಯೂಟರಿನಲ್ಲಿ ಈ ಅನುಭವ ಇಲ್ಲ. ಅಲ್ಲಿ ಒಳಗೆ ನಡೆಯುವುದೆಲ್ಲವನ್ನೂ ಒಬ್ಬ ಮನುಷ್ಯ ತಿಳಿದಿರಲು ಸಾಧ್ಯವಿಲ್ಲ.

ಆಟದ ಒಳಗೆ ನಡೆಯುವುದೇನು? ಮೂರೇ ಕೆಲಸ, ಮತ್ತೆ ಮತ್ತೆ. ಯಾವ ಗುಂಡಿ ಒತ್ತಿದ್ದಾರೆ ನೋಡು, ಅದಕ್ಕೆ ತಕ್ಕಂತೆ ಎಲ್ಲವನ್ನೂ ಜರುಗಿಸು, ಪರದೆಯ ಮೇಲೆ ಬರೆ. ಸೆಕೆಂಡಿಗೆ 60 ಸಲ ಇದು ನಡೆದರೆ ಕಣ್ಣಿಗೆ ಓಟ ಕಾಣುತ್ತದೆ. ಅಂದರೆ ಒಂದು ಸುತ್ತಿಗೆ, ಎಂದರೆ ಒಂದು ಫ್ರೇಮಿಗೆ, ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಆಟ ತೊದಲುತ್ತದೆ.

ಮಾರಿಯೋ ಥರದ ಆಟದಲ್ಲಿ ಹೀರೋ ಹಾರುವುದನ್ನೇ ತೆಗೆದುಕೊಳ್ಳಿ. ಗುಂಡಿ ಒತ್ತಿದಾಗ ಮೊದಲ ಫ್ರೇಮಿನಲ್ಲಿ ಅವನನ್ನು 4 ಚುಕ್ಕೆ ಮೇಲಕ್ಕೆ ಏರಿಸುತ್ತೇವೆ. ಮುಂದಿನ ಫ್ರೇಮಿನಲ್ಲಿ ವೇಗದಿಂದ ಕಾಲು ಚುಕ್ಕೆ ಕಳೆದು 3.75, ಆಮೇಲೆ 3.5. ಹೀಗೆ ಇಳಿಯುತ್ತ ಹೋಗಿ ಹದಿನಾರು ಫ್ರೇಮ್ ಆದ ಮೇಲೆ ವೇಗ ಸೊನ್ನೆಯಾಗುತ್ತದೆ, ಅವನು 34 ಚುಕ್ಕೆ ಎತ್ತರದಲ್ಲಿರುತ್ತಾನೆ. ಕಳೆಯುವುದನ್ನು ನಿಲ್ಲಿಸದಿದ್ದರೆ ವೇಗ ಸೊನ್ನೆಗಿಂತ ಕೆಳಗಿಳಿದು ಅವನು ಬೀಳತೊಡಗುತ್ತಾನೆ. ಇಷ್ಟೇ ಗುರುತ್ವಾಕರ್ಷಣೆ. ಕಾಲರ ಬದಲು ಅರ್ಧ ಕಳೆದರೆ ಎಂಟೇ ಫ್ರೇಮಿಗೆ 18 ಚುಕ್ಕೆ ಎತ್ತರದಲ್ಲಿ ನಿಂತುಬಿಡುತ್ತಾನೆ, ಕಾಲಿಗೆ ಕಲ್ಲು ಕಟ್ಟಿದಂತೆ ಭಾರವಾಗುತ್ತಾನೆ. ಒಂದು ಸಂಖ್ಯೆ ಬದಲಿಸಿದರೆ ಇಡೀ ಪಾತ್ರದ ಸ್ವಭಾವ ಬದಲಾಗುತ್ತದೆ. ಈ ಒಂದು ಸಂಖ್ಯೆಯನ್ನು ತಿದ್ದುತ್ತ, ಆಡಿ ನೋಡುತ್ತ, ಮತ್ತೆ ತಿದ್ದುತ್ತ ಮಧ್ಯರಾತ್ರಿ ದಾಟುವುದು ನನಗೆ ಪರಮ ಸುಖ.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಒಂದಿದೆ. ಬಂಡೆಯ ಅಂಚಿನವರೆಗೆ ಓಡಿ ಹಾರುವಾಗ ಆಡುವವರು ಗುಂಡಿಯನ್ನು ಎಷ್ಟೋ ಸಲ ಚೂರು ತಡವಾಗಿ ಒತ್ತುತ್ತಾರೆ. ಅಷ್ಟರಲ್ಲಿ ಹೀರೋನ ಕಾಲು ಗಾಳಿಯಲ್ಲಿರುತ್ತದೆ. ಲೆಕ್ಕದ ಪ್ರಕಾರ ಹಾರಲು ಬಿಡಬಾರದು, ಬೀಳಿಸಬೇಕು. ಹಾಗೆ ಬೀಳಿಸಿದರೆ ಆಡುವವರಿಗೆ ಅನ್ಯಾಯ ಎನ್ನಿಸುತ್ತದೆ, ‘ನಾನು ಒತ್ತಿದ್ದೆ ಕಣೋ’ ಎನ್ನುತ್ತಾರೆ. ಅದಕ್ಕೇ ಒಳ್ಳೆಯ ಆಟಗಳಲ್ಲಿ ನೆಲ ಬಿಟ್ಟ ಮೇಲೂ ನಾಲ್ಕೈದು ಫ್ರೇಮ್ ಹೊತ್ತು ಹಾರಲು ಅವಕಾಶ ಇಟ್ಟಿರುತ್ತಾರೆ. ಹಳೆಯ ಕಾರ್ಟೂನಿನಲ್ಲಿ ಕಯೋಟಿ ಎಂಬ ಕಾಡುನಾಯಿ ಪ್ರಪಾತ ದಾಟಿ ಓಡಿ, ಕೆಳಗೆ ನೋಡುವವರೆಗೆ ಗಾಳಿಯಲ್ಲೇ ನಿಂತಿರುತ್ತದಲ್ಲ, ಅದರ ಹೆಸರಿನಿಂದ ಇದನ್ನು ಕಯೋಟಿ ಟೈಮ್ ಎನ್ನುತ್ತಾರೆ. ಅದೇ ರೀತಿ, ನೆಲ ಮುಟ್ಟುವುದಕ್ಕೆ ತುಸು ಮೊದಲೇ ಗುಂಡಿ ಒತ್ತಿದರೆ ಆ ಒತ್ತನ್ನು ನೆನಪಿಟ್ಟುಕೊಂಡು ಕಾಲು ತಾಗಿದ ಕೂಡಲೇ ಹಾರಿಸುತ್ತಾರೆ. ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆಟ ಚೆನ್ನಾಗಿದೆ, ಕೈಗೆ ಹಿತವಾಗಿದೆ ಎನ್ನುತ್ತಾರೆ ಅಷ್ಟೇ. ಪರ್ವತ ಹತ್ತುವ ‘ಸೆಲೆಸ್ಟ್’ ಎಂಬ ಆಟದಲ್ಲಿ ಇಂಥ ಎಷ್ಟೋ ರಿಯಾಯಿತಿಗಳಿವೆ, ಅದನ್ನು ಮಾಡಿದವರಲ್ಲಿ ಒಬ್ಬರಾದ ಮ್ಯಾಡಿ ಥಾರ್ಸನ್ ಅವುಗಳಲ್ಲಿ ಹಲವನ್ನು ಬಹಿರಂಗವಾಗಿ ವಿವರಿಸಿದ್ದಾರೆ. ಆಡುವವರ ಮೇಲಿನ ಪ್ರೀತಿಯನ್ನು ಸಂಖ್ಯೆಯಲ್ಲಿ ಬರೆಯಬಹುದು ಎಂದು ನನಗೆ ತೋರಿಸಿಕೊಟ್ಟದ್ದು ಈ ಆಟ.

2018ರಲ್ಲಿ ಬಂದು ಜಗತ್ತಿನಾದ್ಯಂತ ಹೆಸರಾದ ಆ ಸೆಲೆಸ್ಟ್ ಹುಟ್ಟಿದ್ದು 2015ರಲ್ಲಿ, ನಾಲ್ಕೇ ದಿನದಲ್ಲಿ, ಪಿಕೋ-8 ಎಂಬ ಪುಟ್ಟ ಯಂತ್ರದ ಮೇಲೆ. ಯಂತ್ರ ಎಂದೆ, ಆದರೆ ಪಿಕೋ-8 ಕಂಪ್ಯೂಟರಿನೊಳಗೆ ಓಡುವ ಕಲ್ಪಿತ ಕನ್ಸೋಲ್. ರಾಸ್ಪ್‌ಬೆರಿ ಪಿಕೋಗೂ ಇದಕ್ಕೂ ಸಂಬಂಧವಿಲ್ಲ. 128 ಚುಕ್ಕೆ ಅಗಲ, ಅಷ್ಟೇ ಎತ್ತರ, 16 ಬಣ್ಣ, ಒಂದು ಆಟಕ್ಕೆ 32 ಕಿಲೋಬೈಟ್. ಮಾಡಿದವರು ಬೇಕೆಂದೇ ಈ ಮಿತಿಗಳನ್ನು ಇಟ್ಟಿದ್ದಾರೆ. ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಕೀಲಿ. ಯಾರೋ ಬರೆದ ಆಟ ಆಡುತ್ತಿರುವಾಗ ನಿಲ್ಲಿಸಿ ಎಸ್ಕೇಪ್ ಒತ್ತಿದರೆ ಆ ಆಟದ ಕೋಡ್, ಚಿತ್ರ, ಸಂಗೀತ ಎಲ್ಲ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ. ಹೀರೋ ಎಷ್ಟು ಎತ್ತರ ಹಾರಬೇಕೆಂಬ ಸಂಖ್ಯೆ ಹುಡುಕಿ ಬದಲಿಸಿ ಮತ್ತೆ ಆಡಬಹುದು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ. ಕಲಿಯುವವರಿಗಾಗಿ ಬ್ರೌಸರಿನಲ್ಲೇ ಓಡುವ ಉಚಿತ ಆವೃತ್ತಿಯೂ ಇದೆ.

ಮಿತಿಯ ಮಾತು ಬಂದಾಗ ಗುನ್‌ಪೇ ಯೊಕೋಯ್ ಅವರನ್ನು ನೆನೆಯದಿರಲಾಗದು. 1965ರಲ್ಲಿ ನಿಂಟೆಂಡೊ ಇನ್ನೂ ಇಸ್ಪೀಟು ಎಲೆ ಮಾಡುತ್ತಿದ್ದಾಗ, ಅದರ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರು. ಹೊಸದಾದ ದುಬಾರಿ ತಂತ್ರಜ್ಞಾನದ ಹಿಂದೆ ಓಡಬೇಡಿ, ಬಳಸಿ ಬಳಸಿ ಪಳಗಿದ ಅಗ್ಗದ ತಂತ್ರಜ್ಞಾನವನ್ನು ಯಾರೂ ಯೋಚಿಸದ ರೀತಿಯಲ್ಲಿ ಬಳಸಿ ಎಂಬುದು ಅವರ ನಂಬಿಕೆ. 1989ರಲ್ಲಿ ಅವರ ತಂಡ ಹೊರತಂದ ಗೇಮ್‌ಬಾಯ್‌ಗೆ ಬಣ್ಣ ಇರಲಿಲ್ಲ, ಪರದೆಯ ಹಿಂದೆ ಬೆಳಕೂ ಇರಲಿಲ್ಲ. ಹಸಿರು ಛಾಯೆಯ ನಾಲ್ಕು ಮಟ್ಟ, ಅಷ್ಟೇ. ಮರುವರ್ಷವೇ ಸೇಗಾ ಕಂಪನಿ ಬಣ್ಣದ ಪರದೆಯ ಗೇಮ್ ಗಿಯರ್ ತಂದಿತು. ಅದು ಆರು ಬ್ಯಾಟರಿಗಳನ್ನು ಕೆಲವೇ ಗಂಟೆಗಳಲ್ಲಿ ಖಾಲಿ ಮಾಡುತ್ತಿತ್ತು. ಗೇಮ್‌ಬಾಯ್ ನಾಲ್ಕು ಬ್ಯಾಟರಿಗೆ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಗೇಮ್‌ಬಾಯ್ ಮತ್ತು ಅದರ ಮುಂದಿನ ಬಣ್ಣದ ಆವೃತ್ತಿ ಸೇರಿ ಸುಮಾರು 11.9 ಕೋಟಿ ಮಾರಾಟವಾದವು. ಈಗ ಜಿಬಿ ಸ್ಟುಡಿಯೋ ಎಂಬ ಉಚಿತ ತಂತ್ರಾಂಶ ಇದೆ, ಕೋಡ್ ಬರೆಯಲು ಬಾರದವರೂ ಅದರಲ್ಲಿ ಗೇಮ್‌ಬಾಯ್‌ಗೆ ಆಟ ಮಾಡಬಹುದು. ಮೂವತ್ತೈದು ವರ್ಷ ದಾಟಿದ ಯಂತ್ರಕ್ಕೆ ಇವತ್ತಿಗೂ ಹವ್ಯಾಸಿಗಳು ಹೊಸ ಆಟ ಬರೆಯುತ್ತಿದ್ದಾರೆ.

ಯೊಕೋಯ್ ಬಗೆಯ ಆಲೋಚನೆಯನ್ನು ಈಚಿನ ಗ್ಯಾಜೆಟ್‌ಗಳಲ್ಲಿ ನಾನು ಕಂಡದ್ದು ಪ್ಲೇಡೇಟ್‌ನಲ್ಲಿ. ಅಮೆರಿಕದ ಪೋರ್ಟ್‌ಲೆಂಡ್‌ನ ಪ್ಯಾನಿಕ್ ಎಂಬ ಸಣ್ಣ ಕಂಪನಿ 2022ರಲ್ಲಿ ಇದನ್ನು ತಂದಿತು. ಅಂಗೈಯಷ್ಟು ಹಳದಿ ಪೆಟ್ಟಿಗೆ, ಕಪ್ಪು ಬಿಳುಪಿನ 400×240 ಚುಕ್ಕೆಗಳ ಪರದೆ, ಮಗ್ಗುಲಲ್ಲಿ ಮಡಚಿಡಬಹುದಾದ, ತಿರುಗಿಸುವ ಒಂದು ಹಿಡಿ. ಆ ಹಿಡಿ ತಿರುಗಿಸಿ ಆಟದೊಳಗಿನ ಕಾಲವನ್ನು ಹಿಂದಕ್ಕೂ ಮುಂದಕ್ಕೂ ಓಡಿಸುವ ಆಟವಿದೆ. ಮುಖ್ಯ ಮಾತೆಂದರೆ, ಆಟ ಬರೆಯಲು ಬೇಕಾದ ಸಲಕರಣೆಯನ್ನು ಕಂಪನಿ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಯಂತ್ರ ಕೊಳ್ಳದಿದ್ದರೂ ಕಂಪ್ಯೂಟರಿನಲ್ಲಿ ಅದರ ಪ್ರತಿರೂಪ ಓಡಿಸಿ ನೋಡಬಹುದು. ಬರೆದ ಆಟವನ್ನು ಯಾರ ಅಪ್ಪಣೆಯೂ ಬೇಡದೆ ನಿಮ್ಮ ಯಂತ್ರಕ್ಕೆ ಹಾಕಿಕೊಳ್ಳಬಹುದು. ಅದೇ ವರ್ಷ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಎಂಬ ಯಂತ್ರ ಕೂಡ ಇದೇ ಕಾರಣಕ್ಕೆ ನನ್ನ ಮೆಚ್ಚಿನದು. ಒಳಗಿರುವುದು ಲಿನಕ್ಸ್, ಕೀಬೋರ್ಡ್ ಜೋಡಿಸಿದರೆ ಪೂರ್ಣ ಕಂಪ್ಯೂಟರ್. ಆಡುವ ಯಂತ್ರದಲ್ಲೇ ಕೂತು ಆಟ ಬರೆಯಬಹುದು.

ಇನ್ನು ಕನ್ನಡ. ಆಟದ ಪರದೆಯ ಮೇಲೆ ಕನ್ನಡ ಮೂಡಿಸುವುದು ಬಹಳ ಕಾಲ ದೊಡ್ಡ ತಲೆನೋವಾಗಿತ್ತು. ‘ಸ್ತ್ರೀ’ ಎಂಬ ಒಂದಕ್ಷರ ಕಂಪ್ಯೂಟರಿಗೆ ಆರು ಸಂಕೇತಗಳ ಸಾಲು: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರ. ಇವನ್ನು ನೋಡಿ ಒತ್ತು ಎಲ್ಲಿ ಕೂರಬೇಕು, ದೀರ್ಘ ಎಲ್ಲಿಗೆ ಬರಬೇಕು ಎಂದು ತೀರ್ಮಾನಿಸಿ ಜೋಡಿಸುವ ಕೆಲಸಕ್ಕೆ ಬೇರೆಯೇ ತಂತ್ರಾಂಶ ಬೇಕು. ಬ್ರೌಸರುಗಳಲ್ಲಿ, ಫೋನುಗಳಲ್ಲಿ ಅದಿದೆ. ಗೇಮ್ ಎಂಜಿನ್‌ಗಳನ್ನು, ಅಂದರೆ ಆಟ ಕಟ್ಟುವ ತಂತ್ರಾಂಶಗಳನ್ನು, ಮಾಡಿದವರು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟು ಹೋಗುತ್ತಿದ್ದರು. ನಮ್ಮ ಒತ್ತಕ್ಷರಗಳು ಮುರಿದು ಬೀಳುತ್ತಿದ್ದವು. ಅರ್ಜೆಂಟೀನಾದ ಇಬ್ಬರು ಶುರುಮಾಡಿ 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ಗೊಡೋ ಎಂಬ ಎಂಜಿನ್, 2023ರ ಮಾರ್ಚಿನಲ್ಲಿ ಬಂದ ತನ್ನ ನಾಲ್ಕನೇ ಆವೃತ್ತಿಯಲ್ಲಿ ಈ ಕೊರತೆಯನ್ನು ನೀಗಿಸಿತು. ಈಗ ಅದರಲ್ಲಿ ಕನ್ನಡ ಫಾಂಟ್ ಹಾಕಿ ಬರೆದರೆ ಒತ್ತು ದೀರ್ಘಗಳೆಲ್ಲ ಸರಿಯಾಗಿ ಕೂರುತ್ತವೆ. ಗೊಡೋ ಪೂರ್ತಿ ಉಚಿತ, ಆಂಡ್ರಾಯ್ಡ್ ಫೋನ್ ಮತ್ತು ಟ್ಯಾಬ್ಲೆಟ್‌ನಲ್ಲೂ ಓಡುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ, ಅಪ್ಪನ ಫೋನು ಮಾತ್ರ ಕೈಗೆ ಸಿಗುವ ಹುಡುಗಿಯೂ ಇಂದೇ ಆಟ ಬರೆಯಲು ಕೂರಬಹುದು. ಇದನ್ನು ನಮ್ಮ ಶಾಲೆಗಳಲ್ಲಿ ಯಾರಾದರೂ ಮಕ್ಕಳಿಗೆ ಹೇಳಬೇಕು.

ಪಿಕೋದ ಪುಟ್ಟ ಪರದೆಗೆ ಅಷ್ಟೆಲ್ಲ ಸವಲತ್ತಿಲ್ಲ. ಅಲ್ಲಿ ಅಕ್ಷರಗಳನ್ನು ಚಿತ್ರಗಳಾಗಿಯೇ ಬಿಡಿಸಿಟ್ಟುಕೊಳ್ಳಬೇಕು. ಅಂಕ ತೋರಿಸಲು ಕನ್ನಡದ ಹತ್ತು ಅಂಕಿಗಳನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕದಲ್ಲಿ ಬಿಡಿಸಿದರೆ ಒಟ್ಟು 80 ಬೈಟ್ ಸಾಕು. ಹೇಳಲು ಸುಲಭ. ಅಷ್ಟು ಸಣ್ಣ ಚೌಕದಲ್ಲಿ ೬ ಮತ್ತು ೯ ಬೇರೆಬೇರೆಯಾಗಿ ಕಾಣುವಂತೆ ಬಿಡಿಸುವುದರಲ್ಲಿ ಒಂದು ಸಂಜೆ ಕಳೆದುಹೋಗುತ್ತದೆ. ಬಾಲದ ಒಂದು ಚುಕ್ಕೆ ಆಚೀಚೆಯಾದರೂ ಓದುವವರು ತಪ್ಪುತ್ತಾರೆ.

ಹೊಸಬರು ಮೊದಲು ಯಾವ ಆಟ ಬರೆಯಬೇಕೆಂದು ನನ್ನನ್ನು ಕೇಳುವವರಿಗೆಲ್ಲ ನಾನು ಹೇಳುವುದು ಅಳಗುಳಿ ಮಣೆ. ತುಳುನಾಡಿನಲ್ಲಿ ಚೆನ್ನೆಮಣೆ ಎಂಬ ಹೆಸರಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಮನೆಯೊಳಗೆ ಕೂತು ಆಡುವ ಆಟ. ಮಣೆಯಲ್ಲಿ ಹದಿನಾಲ್ಕು ಗುಳಿ, ಒಬ್ಬೊಬ್ಬರಿಗೆ ಏಳು. ಗುಳಿಗೆ ನಾಲ್ಕರಂತೆ ಹುಣಸೆ ಬೀಜವೋ ಮಂಜೊಟ್ಟಿಯೋ ಹಾಕಿದರೆ 56. ಕಂಪ್ಯೂಟರಿಗೆ ಇಡೀ ಮಣೆ ಎಂದರೆ ಹದಿನಾಲ್ಕು ಸಂಖ್ಯೆಗಳ ಒಂದು ಸಾಲು, ಹದಿನಾಲ್ಕು ಬೈಟ್! ಒಂದು ಗುಳಿಯ ಬೀಜ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದು ಹಾಕುತ್ತ ಹೋಗಬೇಕು. ಕೊನೆಯ ಗುಳಿ ದಾಟಿದ ಮೇಲೆ ಮತ್ತೆ ಮೊದಲನೆಯದಕ್ಕೆ ಬರಲು ಗುಳಿಯ ಸಂಖ್ಯೆಯನ್ನು 14ರಿಂದ ಭಾಗಿಸಿ ಶೇಷ ಹಿಡಿದರೆ ಸಾಕು. ಎದುರಾಳಿಯಾಗಿ ಯಂತ್ರವನ್ನೇ ಕೂರಿಸುವುದೂ ಕಷ್ಟವಲ್ಲ. ಒಂದು ಸರದಿಗೆ ಹೆಚ್ಚೆಂದರೆ ಏಳು ನಡೆ. ನಾಲ್ಕು ಸರದಿ ಮುಂದಕ್ಕೆ ಯೋಚಿಸಿದರೆ ಏಳನ್ನು ನಾಲ್ಕು ಸಲ ಗುಣಿಸಿದಷ್ಟು, 2401 ದಾರಿ. ಪಿಕೋ ಅಷ್ಟನ್ನೂ ನೋಡಿ ಒಳ್ಳೆಯದನ್ನು ಆರಿಸುತ್ತದೆ. ಸಾಲು, ಶೇಷ, ಮುಂದಾಲೋಚನೆ: ಪ್ರೋಗ್ರಾಮಿಂಗ್‌ನ ಮೂರು ದೊಡ್ಡ ಪಾಠ ಈ ಒಂದು ಮಣೆಯಲ್ಲಿವೆ.

ಆಟ ಕಟ್ಟುವುದು ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟೋ ಮಣೆಯಾಟಗಳನ್ನು ಸ್ವತಃ ರೂಪಿಸಿದ್ದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ಬಿಡಿಸಿದ್ದರು. ಇಂದಿಗೂ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆಂದು ಕೊಡುವ ಸಮಸ್ಯೆ ಅದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಈ ಆಟಗಳನ್ನು ಜನರ ಮುಂದೆ ತರುತ್ತಿದೆ. ಚೌಕಾಬಾರ, ಹುಲಿ-ಕುರಿ, ಪಗಡೆ ಒಂದೊಂದೂ ಪುಟ್ಟ ಪರದೆಗೆ ಹೇಳಿ ಮಾಡಿಸಿದಂತಿವೆ.

ಇಲ್ಲಿ ಓದುಗರ ನೆರವು ಬೇಕು. ಅಳಗುಳಿ ಮಣೆಯ ನಿಯಮ ಊರಿನಿಂದ ಊರಿಗೆ ಬೇರೆ. ಖಾಲಿ ಗುಳಿ ಸಿಕ್ಕಾಗ ಏನು ಮಾಡಬೇಕು, ಯಾವ ಬೀಜ ಯಾರಿಗೆ, ಸೋತವರ ಗುಳಿ ಮುಂದಿನ ಆಟದಲ್ಲಿ ಏನಾಗುತ್ತದೆ ಎನ್ನುವುದು ಒಂದೊಂದು ಕಡೆ ಒಂದೊಂದು ಥರ. ಕೋಡ್ ಬರೆಯಲು ಕೂತಾಗ ‘ಸುಮಾರಾಗಿ ಹೀಗೆ’ ಎಂದರೆ ನಡೆಯುವುದಿಲ್ಲ, ಪ್ರತಿ ಸಂದರ್ಭಕ್ಕೂ ಖಚಿತ ಉತ್ತರ ಬೇಕು. ಆ ಉತ್ತರಗಳು ನಿಮ್ಮ ಅಜ್ಜಿಗೆ, ಅತ್ತೆಗೆ, ದೊಡ್ಡಮ್ಮನಿಗೆ ಗೊತ್ತಿವೆ. ರಜೆಯಲ್ಲಿ ಊರಿಗೆ ಹೋದಾಗ ಅವರ ಜೊತೆ ಕೂತು ಒಂದಾಟ ಆಡಿ. ನಿಯಮಗಳನ್ನು ಒಂದೂ ಬಿಡದೆ, ಊರಿನ ಹೆಸರು ಹಾಕಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೋಡ್ ಬರೆಯುವ ಮಕ್ಕಳು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ ಆ ಪುಟಗಳನ್ನು ಅವರ ಕೈಗೆ ಕೊಡಿ.